ಸುಟ್ಟ ಕೂದಲಿನ ವಾಸನೆ

ಹೋದ ವರ್ಷದ ಕಾರ್ತಿಕ ಮಾಸದ ಮಾತು. ಪಿಂಪ್ರಿಯಲ್ಲಿ ನಮ್ಮದು ಸಣ್ಣ ಮನೆ. ನಾನು, ಯಜಮಾನರು, ಅತ್ತೆ, ಮಗಳು ಪಲ್ಲವಿ. ಜಾಗವಿಲ್ಲದ್ದರಿಂದ ದೇವರ ಮಾಡವೂ ಅಡುಗೆಮನೆಯಲ್ಲೇ, ಒಲೆಯ ಪಕ್ಕದ ಗೋಡೆಗೆ.

ದೀಪಾವಳಿ ಮುಗಿಯುತ್ತಲೇ ನನಗೆ ಜೋರು ಜ್ವರ ಬಂತು. ಜ್ವರವೇನೋ ಬಿಟ್ಟಿತು, ಮೂಗು ಸತ್ತುಹೋಯಿತು. ಇಂಗು, ಬೆಳ್ಳುಳ್ಳಿ, ಕರ್ಪೂರ, ಯಾವುದರ ವಾಸನೆಯೂ ಇಲ್ಲ. ಕಣ್ಣು ಕಿವಿ ನೆಟ್ಟಗಿದ್ದರೂ ಬೇರೆ ಯಾರದೋ ಮನೆಯಲ್ಲಿ ಓಡಾಡಿದಂತೆ ಆಗುತ್ತಿತ್ತು. ಮಗಳನ್ನು ಅಪ್ಪಿಕೊಂಡರೆ ಅವಳು ಅವಳೇ ಅಲ್ಲವೇನೋ ಎಂದು ಭಯವಾಗುತ್ತಿತ್ತು. ಒಗ್ಗರಣೆ ಸೀದದ್ದೂ ತಿಳಿಯುತ್ತಿರಲಿಲ್ಲ.

"ಏನವಾ, ಮೂಗು ಬರೇ ನತ್ತು ಇಟ್ಕೊಳ್ಳಾಕ ಅದ ಏನು?" ಎಂದು ಅತ್ತೆ ನಗುತ್ತಿದ್ದರು.

ಡಾಕ್ಟರು ಸಮಾಧಾನ ಹೇಳಿದರು. ಮೂಗಿನೊಳಗೆ ಮೇಲ್ಗಡೆ ಸೂಕ್ಷ್ಮ ನರಗಳಿವೆಯಂತೆ, ಗಾಳಿಯಲ್ಲಿ ಬಂದ ವಾಸನೆಯನ್ನು ಹಿಡಿದು ಅವು ಮಿದುಳಿಗೆ ಮುಟ್ಟಿಸುತ್ತವಂತೆ. ಜ್ವರಕ್ಕೆ ಕೆಟ್ಟಿವೆ, ನಿಧಾನವಾಗಿ ಚಿಗುರುತ್ತವೆ ಎಂದರು.

ನಮ್ಮಲ್ಲಿ ಬೆಳಿಗ್ಗೆ ಒಲೆ ಒರೆಸಿ, ಅದರ ಮೇಲೆ ಪುಟ್ಟ ರಂಗೋಲಿ ಎಳೆದು, ಅರಿಶಿನ ಕುಂಕುಮ ಇಟ್ಟು ಸ್ನಾನಕ್ಕೆ ಹೋಗುವ ಪದ್ಧತಿ. ಮನೆಯ ಮೊದಲ ಬೆಂಕಿ ದೇವರ ದೀಪಕ್ಕೆ. ಚಹಾ ಏನಿದ್ದರೂ ಆಮೇಲೆ.

ಆ ಶುಕ್ರವಾರವೂ ಹಾಗೇ ಮಾಡಿದೆ. ಹಳೆಯ ಒಲೆ, ಗುಂಡಿ ಸಡಿಲ. ಒರೆಸುವಾಗ ಬಟ್ಟೆ ಸಿಕ್ಕಿ ಅದು ತಿರುಗಿದ್ದು ನನಗೆ ಗೊತ್ತಾಗಲಿಲ್ಲ. ಪಾರಿವಾಳಗಳ ಕಾಟಕ್ಕೆ ಕಿಟಕಿ ಮುಚ್ಚಿತ್ತು. ಬಾಗಿಲನ್ನೂ ಎಳೆದುಕೊಂಡು ಹೋದೆ. ಯಜಮಾನರು ಫಸ್ಟ್ ಶಿಫ್ಟಿಗೆ ಹೋಗಿದ್ದರು. ಅತ್ತೆ ಹೊರಗೆ ಗ್ಯಾಲರಿಯಲ್ಲಿ ಜಪಕ್ಕೆ ಕೂತಿದ್ದರು. ಪಲ್ಲವಿ ಅಡುಗೆಮನೆಯ ಬಾಗಿಲಿಗೆ ಹತ್ತಿಕೊಂಡೇ ಹಾಸಿಗೆ ಹಾಸಿ ಮಲಗಿದ್ದಳು.

ತಲೆಸ್ನಾನ ಮಾಡಿ, ಒದ್ದೆ ಕೂದಲಿಗೆ ಟವೆಲ್ ಸುತ್ತಿಕೊಂಡು ಬಂದೆ. ದೀಪಕ್ಕೆ ಎಣ್ಣೆ ಹಾಕಿ, ಬತ್ತಿ ನೆನೆಸಿ, ಕಡ್ಡಿ ತೆಗೆದೆ. ಇನ್ನೇನು ಗೀರಬೇಕು, ವಾಸನೆ ಬಂತು.

ಸುಟ್ಟ ಕೂದಲು. ಗಂಟಲು ಹಿಡಿಯುವಷ್ಟು ಗಾಢ. ಇಷ್ಟು ದಿನದ ಮೇಲೆ ನನಗೆ ಬಂದ ಮೊದಲ ವಾಸನೆ ಅದು. ಗಾಬರಿಯಾಗಿ ಟವೆಲ್ ಮುಟ್ಟಿಕೊಂಡೆ, ಸೆರಗು ನೋಡಿಕೊಂಡೆ. ಏನೂ ಇಲ್ಲ. ಕಡ್ಡಿ ಗೀರದೆ ಕೈಯಲ್ಲೇ ಇತ್ತು.

"ಅತ್ಯಾರ, ಲಗೂ ಬರ್ರಿ! ನನ್ನ ಕೂದ್ಲ ಸುಟ್ಟದೇನ ನೋಡ್ರಿ!"

"ಹಸಿ ಕೂದ್ಲ ಹೆಂಗ ಸುಡ್ತದ, ಹುಚ್ಚಿ?" ಎನ್ನುತ್ತ ಬಂದ ಅತ್ತೆ ಬಾಗಿಲು ತಳ್ಳಿದವರೇ ಸೆರಗು ಮೂಗಿಗೆ ಒತ್ತಿಕೊಂಡರು. "ಅಯ್ಯ ನಮ್ಮವ್ವ, ಗ್ಯಾಸ್! ಕಡ್ಡಿ ಒಗಿ ಮೊದಲ! ಲೈಟ್ ಮುಟ್ಟಬ್ಯಾಡ!"

ಗುಂಡಿ ಬಂದ್ ಮಾಡಿ, ಕಿಟಕಿ ತೆರೆದು, ಮಗಳನ್ನು ನಿದ್ದೆಗಣ್ಣಲ್ಲೇ ಎತ್ತಿಕೊಂಡು ಕೆಳಗೆ ಓಡಿದೆವು. ಕಾಂಪೌಂಡಿನಲ್ಲಿ ನಿಂತು, "ಇನ್ನ ನಿನ್ನ ಮೂಗಿಗೆ ಏನೂ ಅನ್ನೂದಿಲ್ಲವಾ" ಎಂದು ಅತ್ತೆ ಅತ್ತರು.

ಡಾಕ್ಟರಿಗೆ ಹೇಳಿದೆ. ಚಿಗುರುವ ನರಗಳು ಕೆಲವೊಮ್ಮೆ ಸುಳ್ಳು ಸುದ್ದಿ ಕಳಿಸುತ್ತವೆ, ಇಲ್ಲದ ವಾಸನೆ ಬರುತ್ತದೆ, ಹೆಚ್ಚಾಗಿ ಸುಟ್ಟ ವಾಸನೆಯೇ ಎಂದರು. ಇರಬಹುದು. ಆ ಸುಳ್ಳನ್ನು ಸರಿಯಾದ ಹೊತ್ತಿಗೆ ಕಳಿಸಿದವನಿಗೆ ನಾನು ಕೈಮುಗಿದೆ.

ಆದರೆ ಒಂದನ್ನು ಡಾಕ್ಟರಿಗೂ ಹೇಳಲಿಲ್ಲ, ಮನೆಯಲ್ಲೂ ಹೇಳಿಲ್ಲ. ಆ ವಾಸನೆಯಲ್ಲಿ ಕೊಬ್ಬರಿ ಎಣ್ಣೆ ಬೆರೆತಿತ್ತು. ನಾನು ಆಗಷ್ಟೇ ಸೀಗೆಕಾಯಿ ಹಾಕಿ ತಲೆ ತೊಳೆದಿದ್ದೆ. ಹಿಂದಿನ ಸಂಜೆ ಎಣ್ಣೆ ಹಚ್ಚಿ ಎರಡು ಜಡೆ ಹಾಕಿದ್ದು ಪಲ್ಲವಿಗೆ. ಇವತ್ತಿಗೂ ಅವಳ ತಲೆ ಬಾಚುವಾಗ ನನ್ನ ಕೈ ಒಂದು ಕ್ಷಣ ನಿಂತುಬಿಡುತ್ತದೆ.