ಆಚೆಯವರು

ನಕ್ಷೆ ಕಚೇರಿಯಲ್ಲಿ ಮೂವತ್ತೊಂದು ವರ್ಷ ಗೆರೆ ಎಳೆದವರಿಗೆ ಗೆರೆ ಮಾಮ ಎಂಬ ಹೆಸರು ಬೀಳದೆ ಇನ್ನೇನು ಬಿದ್ದೀತು? ಅಸಲಿ ಹೆಸರು ಹಾಜರಿ ಪುಸ್ತಕಕ್ಕೆ ಬಿಟ್ಟರೆ ಯಾರಿಗೂ ಬೇಕಿರಲಿಲ್ಲ. ಕೈ ಮಾತ್ರ ಬಲು ಗಟ್ಟಿ. ಪೆನ್ನು ಕಾಗದಕ್ಕೆ ತಾಗಿಸಿದರೆ ಉಸಿರು ಬಿಗಿಹಿಡಿದು ಗೆರೆ ಮುಗಿಸಿಯೇ ಎತ್ತುತ್ತಿದ್ದರು. ಆ ಕೈ ಸೋಮವಾರದಿಂದ ಒಂದು ಗೆರೆಯನ್ನೂ ನೆಟ್ಟಗೆ ಎಳೆದಿರಲಿಲ್ಲ.

ಕಾರಣ ಒಂದೇ ಒಂದು ಪದ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಹೊಳೆಯ ದಂಡೆ ಅಳೆಯಲು ಹೋಗಿದ್ದಾಗ, ಎದುರು ದಡದ ಮನೆಗಳನ್ನು ತೋರಿಸಿ, ಅಲ್ಲಿರುವವರು ಯಾರೆಂದು ದೋಣಿಯವನನ್ನು ಕೇಳಿದ್ದರು. ‘ಅವರಾ? ಆಚೆಯವರು’ ಎಂದಿದ್ದ ಅವನು. ನಮ್ಮ ಮಹಾ ಬುದ್ಧಿವಂತರು ಅದನ್ನೇ ಒಂದು ಜನಾಂಗದ ಹೆಸರೆಂದು ತಿಳಿದು, ನಕ್ಷೆಯ ಮೇಲೆ ದುಂಡು ಅಕ್ಷರದಲ್ಲಿ ಬರೆದುಬಿಟ್ಟರು. ಮೇಲಿನವರು ಸಹಿ ಹಾಕಿದರು, ನಕ್ಷೆ ಅಚ್ಚಾಯಿತು. ಆಮೇಲೆ ಆ ದಡದ ಹುಡುಗಿಯನ್ನೇ ಮದುವೆಯಾದರು. ಮದುವೆಯ ದಾಖಲೆಯಲ್ಲಿ ಅವಳ ಜನಾಂಗವನ್ನು ಗುಮಾಸ್ತ ನಕ್ಷೆ ನೋಡಿಯೇ ತುಂಬಿಸಿದ. ಅವಳು ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದಳು.

‘ರೀ, ನಾವು ನಿಮ್ಮನ್ನ ಆಚೆಯವರು ಅಂತಿದ್ವಿ.’

ಈಗ ನಗುವ ಕಾಲ ಹೋಯಿತು. ಈ ದಡದಲ್ಲಿರುವ ಆಚೆಯವರೆಲ್ಲ ಹೊರಗಿನವರು, ಅವರನ್ನು ಹೊಳೆ ದಾಟಿಸಬೇಕು ಎಂದು ಸೋಮವಾರ ಆದೇಶ ಬಂದಿತ್ತು. ಹೆಂಡತಿಯನ್ನೂ ಕರೆದೊಯ್ದರೆ?

ಬುಧವಾರ ಧೈರ್ಯ ಮಾಡಿ ಸಾಹೇಬರ ಮುಂದೆ ನಿಂತರು. ‘ಸಾರ್, ಅದು ಹೆಸರೇ ಅಲ್ಲ. ನಾನೇ ತಪ್ಪು ಬರೆದದ್ದು.’

ಸಾಹೇಬರು ತಲೆ ಎತ್ತಲಿಲ್ಲ. ‘ಇಷ್ಟು ವರ್ಷದಿಂದ ನಕ್ಷೇಲಿದೆ. ಇಲ್ಲದ ಜನ ನಕ್ಷೆಗೆ ಹೇಗ್ರೀ ಬರ್ತಾರೆ? ಹೋಗಿ, ಕೆಲಸ ನೋಡಿ.’

ಗುರುವಾರ ರಜೆ ಹಾಕಿ ಮನೆಯಲ್ಲೇ ಕೂತಿದ್ದರು; ಮಧ್ಯಾಹ್ನ ಯಾರೋ ಬಾಗಿಲು ಬಡಿದರು. ಹೆಂಡತಿ ಅಡುಗೆಮನೆಯಿಂದ ಎಂದಿನಂತೆ ಕೂಗಿದಳು: ‘ಯಾರದು ಆಚೆ?’

ಆ ಪದ ಕಿವಿಗೆ ಬಿದ್ದದ್ದೇ ಗೆರೆ ಮಾಮ ಎದ್ದರು. ‘ನೀನು ಅಲ್ಲೇ ಇರು ಮಾರಾಯ್ತಿ’ ಎಂದು ಹೋಗಿ ಬಾಗಿಲು ತೆರೆದರು. ಆಚೆಯವರ ಪಟ್ಟಿ ಮಾಡುವ ಎಣಿಕೆಯವನು ನಿಂತಿದ್ದ. ಹಿಂದೆ ಇಬ್ಬರು ಪೊಲೀಸರು. ಅವನ ಕೈಯಲ್ಲಿ ಇವರದೇ ನಕ್ಷೆ, ಇವರದೇ ದುಂಡು ಅಕ್ಷರ.

‘ಈ ಮನೇಲಿ ಆಚೆಯವರು ಒಬ್ರು ಇದಾರಂತೆ. ಯಾರು?’

ಒಳಗಿನಿಂದ ಹೆಜ್ಜೆ ಸದ್ದು ಹತ್ತಿರ ಬರುತ್ತಿತ್ತು. ಗೆರೆ ಮಾಮ ಹೊಸ್ತಿಲು ದಾಟಿ ಆಚೆ ಬಂದು, ಬಾಗಿಲೆಳೆದು ಹೊರಗಿನಿಂದ ಚಿಲಕ ಹಾಕಿದರು.

‘ನಾನೇ, ಬರ್ಕೊಳ್ಳಿ’ ಎಂದರು.