ನಿರ್ದೇಶಕರ ವಹಿಗೆ ಗಂಧಕದ ಹೊಗೆ

ನಮ್ಮೂರಲ್ಲಿ ಹುಟ್ಟಿ ಕೊಲ್ಹಾಪುರದಲ್ಲಿ ಸಿನಿಮಾ ಮಾಡಿದ ನಿರ್ದೇಶಕರೊಬ್ಬರ ನೆನಪಿಗೆ ಹಳೆಯ ಶಾಲೆಯ ಎರಡು ಕೋಣೆಗಳಲ್ಲಿ ಸಂಗ್ರಹಾಲಯ ಮಾಡಿದ್ದೆವು. ಮನೆಮನೆ ತಿರುಗಿ ಪೋಸ್ಟರು, ಫೋಟೊ ಕೂಡಿಸಿದವನು ನಾನು. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವನು ನಾನೊಬ್ಬನೇ, ಅದೂ ಕಬ್ಬು ಕಡಿಯುತ್ತ. ಕನ್ನಡ, ಮರಾಠಿ ಎರಡರಲ್ಲೂ ನಾನು ಬರೆದು ಅಂಟಿಸಿದ ಚೀಟಿಗಳನ್ನು ನೋಡಿಯೇ ನಿರ್ದೇಶಕರ ಮಗಳು ತಂದೆಯ ಕೊನೆಯ ವಹಿಯನ್ನು, ಒಂದು ದಪ್ಪ ನೋಟ್‌ಬುಕ್ಕನ್ನು, ನನ್ನ ಕೈಗಿಟ್ಟರು. ತೆಗೆಯಲಾಗದೆ ಉಳಿದ ಸಿನಿಮಾ ಅದು. ಚೌಕ ಚೌಕವಾಗಿ ಪೆನ್ಸಿಲ್ ಚಿತ್ರ, ಪಕ್ಕದಲ್ಲಿ ನೀಲಿ ಶಾಯಿಯಲ್ಲಿ ಪಾತ್ರಗಳ ಮಾತುಗಳು.

"ಇದರ ನಕಲಿಲ್ರಿ, ಸರ. ಮೊಬೈಲ್‌ದಾಗ ಫೋಟೊ ಹೊಡದು ಊರೆಲ್ಲಾ ಹಂಚಬ್ಯಾಡ್ರಿ" ಅಂದಿದ್ದರು. ಕಲಿತವನೆಂದು ನಂಬಿ ಕೊಟ್ಟಿದ್ದರು, ಒಂದು ಫೋಟೊವನ್ನೂ ತೆಗೆಯದೆ ಆ ಮಾತು ಉಳಿಸಿಕೊಂಡೆ.

ಈ ಮಳೆಗಾಲದಲ್ಲಿ ಶಾಲೆಯ ಗೋಡೆ ಬಿರಿಯಿತು. ಕಾಗವಾಡದ ಹತ್ತಿರ ದ್ರಾಕ್ಷಿ ತೋಟವಿರುವ ನಮ್ಮ ಕಾಕಾ, ಒಣದ್ರಾಕ್ಷಿ ಮಾಡುವ ಶೆಡ್ಡನ್ನು ಬಿಟ್ಟುಕೊಟ್ಟರು. ಎಲ್ಲವನ್ನೂ ಟ್ರ್ಯಾಕ್ಟರಿನಲ್ಲಿ ಸಾಗಿಸಿ, ಗಾಜಿನ ಪೆಟ್ಟಿಗೆ ನೋಡಲು ಅಥಣಿಗೆ ಹೋದೆ. ಮರುದಿನ ಬಂದು ಬಾಗಿಲು ತೆಗೆದರೆ ಮೂಗು ಉರಿಯಿತು.

"ಕಾಕಾ, ಒಳಗ ಏನ್ ಮಾಡೀರಿ?"

"ಗಂಧಕ ಸುಟ್ಟೀನೆಪಾ. ನಿನ್ನ ಕಾಗದಕ್ಕ ಹುಳ ಹತ್ತಿದ್ವು. ದ್ರಾಕ್ಷಿಗೆ ಹೊಗಿ ಕೊಡೂದಿಲ್ಲೇನ? ಹುಳ ಬರಂಗಿಲ್ಲ, ಬಣ್ಣಾನೂ ಚಲೋ ಬರತೈತಿ. ವಹಿ ಹಾಳಿ ಬಿಚ್ಚಿ ದ್ರಾಕ್ಷಿ ಒಣಗಿಸೂ ಜಾಳಿ ಮ್ಯಾಲ ಹರವೀನಿ, ಎಲ್ಲಾ ಕಡೆ ತಾಗ್ಲಿ ಅಂತ."

ಪೋಸ್ಟರುಗಳ ಕೆಂಪು ಬಿಳಿಚಿಕೊಂಡಿತ್ತು. ವಹಿಯಲ್ಲಿ ಪೆನ್ಸಿಲ್ಲಿನ ಜನ ಬಾಯಿ ತೆರೆದು ನಿಂತಿದ್ದರು. ಪಕ್ಕದಲ್ಲಿ ಅವರ ಮಾತೇ ಇರಲಿಲ್ಲ. ದ್ರಾಕ್ಷಿಗೆ ಹೊಳಪು ಕೊಡುವ ಹೊಗೆ ಶಾಯಿಯನ್ನು ತಿಂದುಹಾಕಿತ್ತು.

"ಹೆಂಗ ಸ್ವಚ್ಛ ಆಗೈತಿ ನೋಡ್" ಎಂದ ಕಾಕಾ ನನ್ನ ಮುಖ ಕಂಡು ದನಿ ತಗ್ಗಿಸಿದರು. "ನೀ ಕಲ್ತಾಂವ ಅದಿ. ಮತ್ತೊಮ್ಮೆ ಬರಿಯಾಕ ಬರೂದಿಲ್ಲೇನ?"

ಎರಡು ಸಲ ಓದಿದ್ದೆ. ಕಥೆ ನೆನಪಿತ್ತು, ಒಂದು ಮಾತೂ ನೆನಪಿರಲಿಲ್ಲ. ಕಾಕಾನ ಮೇಲೆ ಸಿಟ್ಟಾಗಲೂ ಆಗಲಿಲ್ಲ. ತಮ್ಮ ಬೆಳೆಗೆ ಮಾಡುವಷ್ಟೇ ಆಸ್ಥೆಯಿಂದ ಮಾಡಿದ್ದರು.

ನಿರ್ದೇಶಕರ ಮಗಳಿಗೆ ಫೋನು ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ಒಂದೇ ಒಂದು ಕೇಳಿದರು.

"ಕಡೀ ಹಾಳ್ಯಾಗ ನಮ್ಮವ್ವ ಮನ್ಯಾಗ ಆಡೂ ಮಾತು ಬರದಿದ್ರು ಅಪ್ಪ. ಅದೊಂದಾದ್ರೂ ಓದ್ರಿ, ಸರ."

ಕೊನೆಯ ಹಾಳೆಯನ್ನು ಬಾಗಿಲ ಬೆಳಕಿಗೆ ಹಿಡಿದೆ. ನಿಬ್ಬಿನ ಗೀರು ಬೆರಳಿಗೆ ಸಿಗುತ್ತಿತ್ತು, ಕಣ್ಣಿಗೆ ಸಿಗಲಿಲ್ಲ. ಅವರು ಫೋನು ಇಡಲಿಲ್ಲ. ನಾನು ಹಾಳೆಯನ್ನು ಆ ಕಡೆ ಈ ಕಡೆ ತಿರುಗಿಸುತ್ತಲೇ ಇದ್ದೆ.