ಗಲ್ಲಕ್ಕೆ ಬೀಸಿದ ಗಾಳಿ

ಗುಣವಾಗದ ಕಾಯಿಲೆಯವರ ಮನೆಗೆ ಹೋಗಿ ಸಂಕಟ ಒಂದಿಷ್ಟು ಕಡಿಮೆ ಮಾಡುವ ನರ್ಸ್ ಕೆಲಸ ನನ್ನದು. ಒಂದು ಮಧ್ಯಾಹ್ನ ಯರಗಟ್ಟಿಯ ಗಂಗವ್ವನ ಮನೆಗೆ ಹೋದೆ. ಬೈಲಹೊಂಗಲದ ಹತ್ತಿ ಮಿಲ್ಲಿನಲ್ಲಿ ವರ್ಷಗಟ್ಟಲೆ ದುಡಿದು, ಆ ಧೂಳಿಗೆ ಶ್ವಾಸಕೋಶ ಸೋತುಹೋಗಿದ್ದ ಹೆಂಗಸು. ಥಂಡಿ ತಾಗಬಾರದೆಂದು ಮಗ ಬಸಪ್ಪ ಕಿಟಕಿಗಳನ್ನೆಲ್ಲ ಮುಚ್ಚಿ, ತಾಯಿಗೆ ಕೌದಿ ಹೊದಿಸಿ ಕೂರಿಸಿದ್ದ. ಎರಡು ಶಬ್ದ ಆಡುವಷ್ಟರಲ್ಲಿ ಆಕೆ ಉಸಿರಿಗೆ ಹೆಣಗುತ್ತಿದ್ದಳು.

ನಾನು ಕಿಟಕಿ ತೆರೆದು, ಕೌದಿ ಸರಿಸಿ, ಬೀಸಣಿಕೆಯಿಂದ ಆಕೆಯ ಮುಖಕ್ಕೆ ಮೆಲ್ಲಗೆ ಗಾಳಿ ಹಾಕತೊಡಗಿದೆ. ತರಬೇತಿಯಲ್ಲಿ ಕೇಳಿದ್ದೆ ಅಷ್ಟೇ, ಎಂದೂ ಮಾಡಿ ನೋಡಿರಲಿಲ್ಲ.

“ಏನ್ ಮಾಡಾಕತ್ತೀರಿ ಅಕ್ಕಾರ? ಥಂಡಿ ಹತ್ತಿ ಹೆಚ್ಚುಕಡಿಮಿ ಆದ್ರ?” ಎಂದು ಬಸಪ್ಪ ಸಿಟ್ಟಿನಿಂದ ಎದ್ದ.

“ಐದು ನಿಮಿಷ ತಡೀರಿ” ಎಂದೆ. ಒಳಗೊಳಗೆ ನನಗೂ ಅಳುಕು.

ನೋಡನೋಡುತ್ತ ಗಂಗವ್ವನ ಬಿಗಿದ ಹೆಗಲು ಸಡಿಲಾದವು. ಆಮೇಲೆ ತಡವರಿಸದೆ ಕೇಳಿದಳು: “ತಂಗಿ, ನೀ ಗಾಳಿ ಬೀಸಿದ್ದು ಗಲ್ಲಕ್ಕ, ಹಗುರಾಗಿದ್ದು ಎದಿ. ಅದ್ಹೆಂಗ?”

“ಮುಖಕ್ಕ ಗಾಳಿ ಬಡದ್ರ, ಉಸಿರು ಸಿಗಾಕತ್ತೇತಿ ಅಂತ ತಲಿ ತಿಳಕೋತೇತಂತರಿ. ಬ್ಯಾನಿ ಮಾತ್ರ ಇದ್ದಂಗ ಇರ್ತೇತಿ.”

ಗಂಗವ್ವ ಯೋಚಿಸಿದಳು. “ಅಂದ್ರ ತಲಿಗೆ ಸುಳ್ಳು ಹೇಳೂದು! ಬೀಸು, ಅದು ಸುಳ್ಳಂತ ನಾ ಏನೂ ತಲಿಗೆ ಹೇಳೂದಿಲ್ಲ.”

ಬಸಪ್ಪ ಬೀಸಣಿಕೆಯನ್ನು ತಾನೇ ಇಸಿದುಕೊಂಡ. “ಸಾವಕಾಶ ಬೀಸೋ, ಒಲಿ ಹಚ್ಚಾಕತ್ತಿ ಏನು?” ಎಂದು ತಾಯಿ ಗದರಿದಳು. ಗದರುವಷ್ಟು ಉಸಿರು ಬಂತಲ್ಲ ಎಂದು ಅವನ ಕಣ್ಣು ತುಂಬಿದವು.

ಮುಂದಿನ ಮಳೆಗಾಲದಲ್ಲಿ ಗಂಗವ್ವ ತೀರಿಕೊಂಡಳು. ಮಗನಿಗೆ ನೆಟ್ಟಗೆ ಗಾಳಿ ಬೀಸಲೂ ಬರುವುದಿಲ್ಲವೆಂದು ಕೊನೆಯ ದಿನದವರೆಗೂ ಬೈದಳಂತೆ. ಬಸಪ್ಪ ಅದನ್ನು ನನಗೆ ಹೆಮ್ಮೆಯಿಂದ ಹೇಳಿದ.